ಮೊಡವೆ ಮಾತ್ರೆಯೂ ಮದುವೆ ಮಾತೂ

ಹೋದ ವಾರ ಹರದನಹಳ್ಳಿಗೆ ಹೋಗಿದ್ದೆ. ಅಕ್ಕನ ಮಗಳು ಬಾಗಿಲ ಮರೆಯಲ್ಲೇ ನಿಂತು "ಯಾವಾಗ ಬಂದ್ರಿ ಚಿಕ್ಕವ್ವ?" ಅಂದಳು. ಸೆಕೆಂಡ್ ಪಿಯುಸಿ, 17 ವರ್ಷ. ಕೆನ್ನೆ, ಗದ್ದದ ತುಂಬ ಗಂಟು ಗಂಟು ಮೊಡವೆ, ಒಡೆದ ಕಡೆಯೆಲ್ಲ ಗುಳಿ.

ಎರಡು ವರ್ಷದಿಂದ ಆ ಮುಖದ ಮೇಲೆ ಏನೇನು ಪ್ರಯೋಗ ನಡೆದಿದೆ ಗೊತ್ತಾ? ಅರಿಶಿನ (ನಮ್ಮ ಕಡೆ ಬೆಳೆಯೋದೇ ಅದು, ಕೇಳಬೇಕೇ!), ಬೇವಿನಸೊಪ್ಪು, ಟೂತ್‌ಪೇಸ್ಟ್. ಕೊನೆಗೆ ಮೆಡಿಕಲ್ ಸ್ಟೋರಿನವರು ಚೀಟಿ ಇಲ್ಲದೆ ಕೊಟ್ಟ ಕ್ರೀಮು. ಟ್ಯೂಬ್ ತಿರುಗಿಸಿ ಓದಿದೆ... ಸ್ಟೀರಾಯ್ಡ್! ಹಚ್ಚಿದ ನಾಲ್ಕು ದಿನ ಮುಖ ತಿಳಿಯಾಗುತ್ತೆ. ಹಚ್ಚುತ್ತಲೇ ಇದ್ದರೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇನ್ನಷ್ಟು. ಇಂಥ ಒಂದಷ್ಟು ಕ್ರೀಮುಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಇದಕ್ಕೆ ಮನೆಯಲ್ಲಿ ಯಾರೂ ಹೆದರಲಿಲ್ಲ. ಹೆದರಿದ್ದು ಚರ್ಮದ ಡಾಕ್ಟರು ಬರೆದುಕೊಟ್ಟ ಮಾತ್ರೆಗೆ. ಐಸೊಟ್ರೆಟಿನಾಯಿನ್. ವಿಟಮಿನ್ ಎ ಕುಲದ್ದು, 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. "ಇದನ್ನು ತಗೊಳ್ಳುವಾಗ ಗರ್ಭಿಣಿ ಆಗಬಾರದು" ಅಂದರಂತೆ ಆಯಮ್ಮ. ಅಷ್ಟೇ! "ಮದ್ವ ಆಗದಿರೋ ಮಗೀಗ ಇಂಥ ಮಾತ ಹೇಳದಾ?" ಅಂತ ಅಜ್ಜಿ ಕೆಂಡ. ಕೇರಿಯ ತುಂಬ ಸುದ್ದಿ, ಆ ಮಾತ್ರೆ ನುಂಗಿದರೆ ಮುಂದೆ ಮಕ್ಕಳೇ ಆಗಲ್ಲವಂತೆ. ಚೀಟಿ ದೇವರ ಪಟದ ಹಿಂದೆ ಸೇರಿತು. "ಮದ್ವ ಆದ್ರ ಎಲ್ಲಾ ಸರಿ ಹೋಯ್ತದ ಬುಡು."

ಅಲ್ರೀ, ಅದೇ ಬೇರೆ ಇದೇ ಬೇರೆ. ಮಾತ್ರೆ ತಗೊಳ್ಳುತ್ತಿರುವಾಗ ಬಸುರಾದರೆ ಮಗುವಿನ ಮೆದುಳು, ಹೃದಯ, ಕಿವಿಗೆ ಊನವಾಗಬಹುದು. ಇದು ನಿಜ, ಹೆದರಲೇಬೇಕಾದ ನಿಜ. ಆದರೆ ನಿಲ್ಲಿಸಿ ಒಂದು ತಿಂಗಳು ಕಳೆದರೆ ಆ ಅಪಾಯ ಮುಗಿಯಿತು. ಮುಂದೆ ಮಕ್ಕಳಾಗಲ್ಲ ಅನ್ನೋದಕ್ಕೆ ಆಧಾರವಿಲ್ಲ. ಡಾಕ್ಟರು ಹುಡುಗಿಯ ನಡತೆ ವಿಚಾರಿಸಲಿಲ್ಲ, ಹೇಳಲೇಬೇಕಾದ್ದನ್ನು ಹೇಳಿದರು. "ಪರೀಕ್ಷೆ ಮುಗೀಲಿ, ಗಂಡು ನೋಡೋಣ" ಅನ್ನುವ ಮನೆಯವರೇ ಆ ಮಾತನ್ನು ಮೊದಲು ಕಿವಿಗೆ ಹಾಕಿಕೊಳ್ಳಬೇಕಿತ್ತು.

ಮಾತ್ರೆ ಅಮೃತ ಅಂತ ನಾನು ಹೇಳ್ತಿಲ್ಲ. ಸಾಮಾನ್ಯ ಮೊಡವೆಗೆ ಅದು ಬೇಕಾಗಿಯೂ ಇಲ್ಲ. ತುಟಿ ಒಡೆಯುತ್ತೆ, ಮೊದಮೊದಲು ಮೊಡವೆ ಹೆಚ್ಚಲೂಬಹುದು, ಲಿವರಿಗೆ, ಕೊಬ್ಬಿಗೆ ರಕ್ತಪರೀಕ್ಷೆ ಆಗಬೇಕು. ಮನಸ್ಸು ಕುಗ್ಗಿದಂತಾದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಆದರೆ ಇಷ್ಟನ್ನೂ ಡಾಕ್ಟರು ಮೊದಲೇ ಹೇಳುತ್ತಾರೆ. ಕ್ರೀಮು ಕೊಟ್ಟವನು ಏನು ಹೇಳಿದ್ದ?

ರಾತ್ರಿ ಜಗಲಿಯಲ್ಲಿ ಕೂತು ಅವಳಿಗೆ ಎಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಪರೀಕ್ಷೆ ಮುಗಿಯೋಗಂಟ ಕಾದ್ರ ಗುಳಿ ಇನ್ನೂ ಬೀಳ್ತವಾ ಚಿಕ್ಕವ್ವ?" ಅಂದಳು. ಬೀಳಬಹುದು ಅಂದೆ. ಬಿದ್ದ ಗುಳಿಯನ್ನು ಮಾತ್ರೆ ಮುಚ್ಚಲ್ಲ ಅಂತಲೂ ಹೇಳಿದೆ. ಎರಡು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು.

18 ತುಂಬದವಳಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಸರಿ. ಹಾಗಂತ ಅವಳ ಬಾಯಿ ಮುಚ್ಚಿಸಬೇಕಾ? ಬೆಳಿಗ್ಗೆ ನೋಡಿದರೆ ಪಟದ ಹಿಂದೆ ಚೀಟಿ ಇರಲಿಲ್ಲ. ಅವಳ ಕಾಲೇಜು ಬ್ಯಾಗಿನಲ್ಲಿತ್ತು. ಸೋಮವಾರ ಚಾಮರಾಜನಗರಕ್ಕೆ ಅಕ್ಕನೂ ಜೊತೆಗೆ ಹೋಗ್ತಾಳಂತೆ.

ನಿಮ್ಮ ಮನೆಯಲ್ಲೂ ಇಂಥ ಚೀಟಿ ಯಾವುದಾದರೂ ಪಟದ ಹಿಂದೆ ಇದೆಯಾ? ಒಮ್ಮೆ ನೋಡಿ.