ಹೊಸ ಕೀಬೋರ್ಡಿನ ನಿರೀಕ್ಷೆಯಲ್ಲಿ
ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಸೀಮೆಯಲ್ಲಿ ಜಾತ್ರೆ, ಗಣೇಶೋತ್ಸವ ಬಂತೆಂದರೆ ರಸಮಂಜರಿ ಬೇಕು. ಆ ವೇದಿಕೆಯ ಅರ್ಧ ಜೀವವೇ ಕೀಬೋರ್ಡ್. ಹಿನ್ನೆಲೆ ವಾದ್ಯಗಳನ್ನೂ ತಾನೇ ನುಡಿಸುವ ಹೊಸ ಅರೇಂಜರ್ ಕೀಬೋರ್ಡ್ ಬರುತ್ತದೆಂದರೆ ವಾದಕರು ಕಾತರದಿಂದ ಕಾಯುವುದು ಅದಕ್ಕೇ. ಎಡಗೈಯಲ್ಲಿ ಒಂದು ಕಾರ್ಡ್ (ಸ್ವರಗುಚ್ಛ) ಒತ್ತಿದರೆ ಡ್ರಮ್ಸ್, ಬೇಸ್, ಗಿಟಾರ್ ಒಟ್ಟಿಗೆ ಏಳುತ್ತವೆ. ಗಾಯಕಿಯ ಶ್ರುತಿ ಅರ್ಧ ಮನೆ ಮೇಲಿದ್ದರೆ ಟ್ರಾನ್ಸ್‌ಪೋಸ್ ಗುಂಡಿ ಒಮ್ಮೆ ಒತ್ತಿದರಾಯಿತು, ಬೆರಳು ಬದಲಿಸಬೇಕಿಲ್ಲ. ಯಮಹಾದ ಜೆನೋಸ್2 (2023) 76 ಕೀಗಳ ದೊಡ್ಡ ವಾದ್ಯ, ಬೆಲೆಯೂ ದೊಡ್ಡದು. ಹಳ್ಳಿ ತಂಡಗಳಿಗೆ ಅದೇ ಕಂಪನಿಯ 2024ರ 61 ಕೀಗಳ ಪಿಎಸ್‌ಆರ್-ಎಸ್‌ಎಕ್ಸ್920 ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಮಾತು. ನಮ್ಮ ಹಾಡಿಗೆ ತಬಲಾ, ಢೋಲಕ್‌ಗಳ ನಡೆ ಹದವಾಗಿ ಕೂರಬೇಕು. ಹಾಗಾಗಿ ಸಾಲ ಮಾಡಿ ಕೊಳ್ಳುವ ಮೊದಲು ಅಂಗಡಿಯಲ್ಲೇ ನಿಮ್ಮ ನಾಲ್ಕು ಹಾಡು ನುಡಿಸಿ ನೋಡಿ.