ಯಂತ್ರ ಸೋತಾಗ ಯಜಮಾನನನ್ನು ಬದಲಿಸುವುದು ಪರಿಹಾರವೆ?

ವಾಹನಗಳನ್ನು ನಿರ್ಮಿಸುವ ಸಂಸ್ಥೆಯೊಂದು ನಷ್ಟಕ್ಕೆ ಸಿಲುಕಿದಾಗ ಅದರ ಮುಖ್ಯಾಧಿಕಾರಿಯನ್ನು ಇಳಿಸಿ ಮತ್ತೊಬ್ಬನನ್ನು ಆ ಪೀಠದಲ್ಲಿ ಕುಳ್ಳಿರಿಸುವುದು ಈ ಕಾಲದ ವ್ಯಾಪಾರಲೋಕದ ಪದ್ಧತಿಯಾಗಿದೆ. ಜಪಾನಿನ ನಿಸ್ಸಾನ್ ಕಾರು ಸಂಸ್ಥೆಯು 2025ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಸುಮಾರು 67,000 ಕೋಟಿ ಯೆನ್‌ಗಳ ನಷ್ಟವನ್ನು ಕಂಡು, ಹೋಂಡಾ ಸಂಸ್ಥೆಯೊಡನೆ ಒಂದಾಗುವ ಮಾತುಕತೆಯೂ ಮುರಿದುಬಿದ್ದ ಮೇಲೆ, ಮಕೊಟೊ ಉಚಿಡಾ ಅವರ ಸ್ಥಾನಕ್ಕೆ ಏಪ್ರಿಲ್ 1ರಿಂದ ಇವಾನ್ ಎಸ್ಪಿನೋಸಾ ಅವರನ್ನು ತಂದಿತು. ಈ ಬಗೆಯ ವರ್ತಮಾನವನ್ನೋದುವಾಗ ಮೈಸೂರಿಗರ ಮನಸ್ಸು ದೂರದ ಜಪಾನಿನಲ್ಲಿ ಬಹಳ ಹೊತ್ತು ನಿಲ್ಲದೆ ಯಾದವಗಿರಿಯ ಕಡೆಗೆ ಹರಿಯುವುದು ಸಹಜವೇ. 1960ರಲ್ಲಿ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರು ಜಯಚಾಮರಾಜ ಒಡೆಯರ ಪ್ರೋತ್ಸಾಹದೊಡನೆ ಅಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಸಂಸ್ಥೆಯು, ಜೆಕೊಸ್ಲೊವಾಕಿಯಾದಿಂದ ಪರವಾನಗಿ ಪಡೆದು ಜಾವಾ ಎಂಬ ಹೆಸರಿನಿಂದಲೂ, 1973ರಿಂದ ಮುಂದಕ್ಕೆ ಯೆಜ್ಡಿ ಎಂಬ ಹೆಸರಿನಿಂದಲೂ ಮೋಟಾರು ಬೈಕುಗಳನ್ನು ನಿರ್ಮಿಸುತ್ತ ಬಂದು, 1996ರಲ್ಲಿ ಬಾಗಿಲು ಮುಚ್ಚಿತು. ನಜರ್‌ಬಾದಿನ ಬೀದಿಗಳಲ್ಲಿ ಅದರ ಎರಡು ಸೈಲೆನ್ಸರುಗಳ ಸದ್ದು ಇಂದಿಗೂ ಕಿವಿಗೆ ಬೀಳುವುದುಂಟು. ಗಾಡಿಗಳಿನ್ನೂ ಓಡುತ್ತಿರಲು ಅವನ್ನು ಹಡೆದ ಕಾರ್ಖಾನೆಯೇ ಇಲ್ಲವಾದುದು ಈ ಊರಿನ ವ್ಯಥೆಗಳಲ್ಲೊಂದು. ಸಕಾಲದಲ್ಲಿ ಆಡಳಿತ ಹೊಸಬರ ಕೈಗೆ ಬಂದಿದ್ದರೆ ಆ ಕಾರ್ಖಾನೆ ಉಳಿಯುತ್ತಿತ್ತೆ? ಎರಡು ಪಕ್ಷಗಳಿಗೂ ಇಲ್ಲಿ ಪೂರ್ಣ ಅವಕಾಶವಿದೆ.

ಪರ

ಉಳಿಯುತ್ತಿತ್ತೆಂದೇ ನನ್ನ ದೃಢವಾದ ನಂಬಿಕೆ. ಒಂದು ಪದಾರ್ಥವನ್ನು ತಮ್ಮ ಕೈಯಾರೆ ಬೆಳೆಸಿ, ಅದರಿಂದ ಕೀರ್ತಿಯನ್ನೂ ಸಂಪತ್ತನ್ನೂ ಪಡೆದವರಿಗೆ ಅದರ ಕಾಲ ಮುಗಿಯಿತೆಂಬ ಸತ್ಯವು ಎಲ್ಲರಿಗಿಂತ ಕೊನೆಯಲ್ಲಿ ಗೋಚರಿಸುತ್ತದೆ. ಇದು ಅವರ ದೋಷವೆನ್ನುವುದಕ್ಕಿಂತ ಮಾನವ ಸ್ವಭಾವದ ಮಿತಿಯೆನ್ನಬೇಕು. ಜಾವಾ ಎಂತಹ ಗಾಡಿಯಾಗಿತ್ತೆಂಬುದನ್ನು ಬಲ್ಲವರು ಬಲ್ಲರು. ಒಂದೇ ಸನ್ನೆಯು ಕಿಕ್ಕರೂ ಆಗಿ, ಗಾಡಿ ಹೊರಟ ಬಳಿಕ ಗೇರೂ ಆಗುವ ಆ ಚಾತುರ್ಯ, ಒಂಟಿ ಸಿಲಿಂಡರಿಗೆ ಜೋಡಿ ಸೈಲೆನ್ಸರುಗಳನ್ನು ಕೊಟ್ಟ ಆ ಸೌಷ್ಠವ, ಹಳ್ಳಿಯ ಮೆಕ್ಯಾನಿಕ್ಕನೂ ಬಿಚ್ಚಿ ಜೋಡಿಸಬಲ್ಲಂತಹ ಆ ಸರಳತೆ, ಇವೆಲ್ಲವೂ ಅಭಿಮಾನಕ್ಕೆ ಅರ್ಹವೇ. 1978ರಲ್ಲಿ ಬಂದ ರೋಡ್‌ಕಿಂಗ್ ಆ ಅಭಿಮಾನವನ್ನು ಇಮ್ಮಡಿಗೊಳಿಸಿತು. ಆದರೆ 100 ಸಿಸಿವರೆಗಿನ ದ್ವಿಚಕ್ರ ವಾಹನಗಳಲ್ಲಿ ವಿದೇಶೀ ಸಹಯೋಗಕ್ಕೆ ಸರ್ಕಾರವು ಒಪ್ಪಿಗೆಯಿತ್ತ ಮೇಲೆ, 1984ರಲ್ಲಿ ಇಂಡ್-ಸುಜುಕಿಯೂ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಹಾಗೂ ಯಮಾಹಾ ಆರ್‌ಎಕ್ಸ್ 100 ಎಂಬುವೂ, ಅವುಗಳ ಹಿಂದೆಯೇ ಕವಾಸಾಕಿ ಬಜಾಜ್ ಗಾಡಿಯೂ ಮಾರುಕಟ್ಟೆಗೆ ಇಳಿದುವು. ಲೀಟರಿಗೆ 80 ಕಿಲೋಮೀಟರು ಓಡುವುದೆಂದು ಸಾರುತ್ತ ಬಂದ ನಾಲ್ಕು ಸ್ಟ್ರೋಕಿನ ಗಾಡಿಯು ಮನೆಯ ಬಾಗಿಲಲ್ಲಿ ನಿಂತಿರುವಾಗ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸಬೇಕಾದ ಎರಡು ಸ್ಟ್ರೋಕಿನ 250 ಸಿಸಿಯ ಗಾಡಿಯನ್ನು ಸಂಬಳಗಾರನಾದ ಗೃಹಸ್ಥನು ಎಷ್ಟು ಕಾಲ ಪ್ರೀತಿಯಿಂದ ಕೊಳ್ಳಬಲ್ಲನು? ಆಗ ಬೇಕಾಗಿದ್ದುದು ಹಳೆಯ ಯಶಸ್ಸಿನ ಋಣವಿಲ್ಲದ ಹೊಸ ಕಣ್ಣು. ಕಾರ್ಖಾನೆಯಾದರೋ ಅದನ್ನು ಸ್ಥಾಪಿಸಿದ ಮನೆತನದ ಕೈಯಲ್ಲಿಯೇ ಉಳಿಯಿತು, ಗಾಡಿಯೂ ಎರಡು ಸ್ಟ್ರೋಕಿನದಾಗಿಯೇ ಉಳಿಯಿತು.

ಇದು ಬರಿಯ ಊಹೆಯೆನ್ನುವವರು ಮದರಾಸಿನ ಕಡೆ ನೋಡಬೇಕು. ಜಾವಾಗಿಂತ ಐದು ವರ್ಷ ಮೊದಲು, 1955ರಲ್ಲಿ, ಇಂಗ್ಲೆಂಡಿನ ಬುಲೆಟ್ ಗಾಡಿಯನ್ನು ಸೈನ್ಯಕ್ಕಾಗಿ ನಿರ್ಮಿಸಲು ಹೊರಟ ಎನ್‌ಫೀಲ್ಡ್ ಸಂಸ್ಥೆಯೂ ಅದೇ ಸ್ಪರ್ಧೆಗೆ ಸಿಕ್ಕಿ ಅದೇ ಪ್ರಪಾತದ ಅಂಚಿಗೆ ಬಂದಿತ್ತು. ಐಷರ್ ಸಂಸ್ಥೆಯು 1990ರಲ್ಲಿ ಅದರೊಳಗೆ ಕಾಲಿಟ್ಟು, 1994ರಲ್ಲಿ ಅದನ್ನು ಪೂರ್ಣವಾಗಿ ತನ್ನದಾಗಿಸಿಕೊಂಡು, 2000ದಲ್ಲಿ ಸಿದ್ಧಾರ್ಥ ಲಾಲ್ ಎಂಬ ತರುಣರಿಗೆ ಅದನ್ನೊಪ್ಪಿಸಿತು. ಅವರು ಮಾಡಿದ ಕೆಲಸ ಎರಡು ಬಗೆಯದು. ಬುಲೆಟ್ಟಿನ ಹೊರರೂಪವನ್ನೂ ಅದರ ಗಾಂಭೀರ್ಯವನ್ನೂ ಕೆಡದಂತೆ ಕಾಯ್ದುಕೊಂಡು, ಒಳಗಿನ ಬೀಡುಕಬ್ಬಿಣದ ಎಂಜಿನ್ನನ್ನು ತೆಗೆದು ಅಲ್ಯೂಮಿನಿಯಮ್ಮಿನ ಹೊಸ ಎಂಜಿನ್ನನ್ನಿಟ್ಟರು, ಬಲಗಾಲಿನ ಗೇರನ್ನು ಎಡಗಾಲಿಗೆ ತಂದರು. ಮತ್ತು ಈ ಒಂದು ಗಾಡಿಗಾಗಿ ತಮ್ಮ ಸಮೂಹದ ಇತರ ವ್ಯವಹಾರಗಳಲ್ಲಿ ಬಹುಪಾಲನ್ನು ಮಾರಿಬಿಟ್ಟರು. ಯಾವುದನ್ನು ಉಳಿಸಬೇಕು, ಯಾವುದನ್ನು ಕಳೆಯಬೇಕೆಂಬ ಈ ವಿವೇಚನೆಯೇ ನಾಯಕತ್ವ. ನಿಸ್ಸಾನಿನಲ್ಲಿ 1999ರಲ್ಲಿ ಫ್ರಾನ್ಸಿನ ರೆನೋ ಸಂಸ್ಥೆಯಿಂದ ಬಂದ ಕಾರ್ಲೋಸ್ ಘೋಸನ್ ಅವರು, ಜಪಾನೀಯನೊಬ್ಬನು ಮಾಡಲು ನಾಚುತ್ತಿದ್ದ ಕೆಲಸವನ್ನು ಹೊರಗಿನವರಾದುದರಿಂದಲೇ ಮಾಡಿ, ಮುಳುಗುತ್ತಿದ್ದ ಸಂಸ್ಥೆಯನ್ನು ಎರಡು ವರ್ಷಗಳೊಳಗೆ ಲಾಭಕ್ಕೆ ತಂದುದೂ ಇದಕ್ಕೆ ಸಾಕ್ಷಿ.

ನಜರ್‌ಬಾದಿನಲ್ಲಿ ವಾಸಿಸುವವರಿಗೆ ಇದನ್ನು ಬಹಳವಾಗಿ ವಿವರಿಸಬೇಕಾದುದಿಲ್ಲ. ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿ, ಆ ಕಲ್ಲುಗಳನ್ನು ಇಲ್ಲಿಗೆ ಹೊರಿಸಿ ತಂದು ನಜರ್‌ಬಾದಿನ ಕೋಟೆಯನ್ನು ಕಟ್ಟಿಸತೊಡಗಿದನು. 1799ರಲ್ಲಿ ಅವನು ಮಡಿದು ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾದ ಮೇಲೆ ಅವೇ ಕಲ್ಲುಗಳು ಮರಳಿ ಹೋಗಿ ಹಳೆಯ ಕೋಟೆಯಾದುವು. ಕಲ್ಲು ಅದೇ, ಕುಶಲಿಗಳೂ ಈ ನಾಡಿನವರೇ. ಎಲ್ಲಿ ಯಾವ ಗೋಡೆ ಏಳಬೇಕೆಂದು ತೀರ್ಮಾನಿಸಿದವರು ಮಾತ್ರ ಬೇರೆ. ಯಾದವಗಿರಿಯಲ್ಲಿ ಲೇಥು, ಎರಕ, ಬಣ್ಣ, ಜೋಡಣೆ ಎಲ್ಲವನ್ನೂ ಬಲ್ಲ ಕೈಗಳಿದ್ದುವು. ಅವುಗಳಿಂದ ಯಾವ ಗಾಡಿಯನ್ನು ಮಾಡಿಸಬೇಕೆಂಬ ಹೊಸ ನಿರ್ಧಾರವೊಂದರ ಕೊರತೆಯಿಂದ ಆ ಕೈಗಳೆಲ್ಲ ಬರಿದಾದುವೆಂಬುದನ್ನು ನೆನೆದಾಗ ನನ್ನ ಮನಸ್ಸು ಇಂದಿಗೂ ಕುದಿಯುತ್ತದೆ.

ವಿರೋಧ

ನನಗಿಂತ ಮೊದಲು ವಾದಿಸಿದ ಮಿತ್ರರ ವ್ಯಥೆಯಲ್ಲಿ ನಾನೂ ಭಾಗಿಯೇ. ಆದರೆ ಅವರು ಮುಂದಿಟ್ಟ ಸಾಕ್ಷಿಗಳನ್ನೇ ತುಸು ನಿಧಾನವಾಗಿ ಪರಿಶೀಲಿಸಿದಲ್ಲಿ ಅವು ಅವರ ಪಕ್ಷವನ್ನು ಬಿಟ್ಟು ನನ್ನ ಪಕ್ಷಕ್ಕೆ ಬರುವುವು.

ಎನ್‌ಫೀಲ್ಡಿನ ವಿಷಯವನ್ನೇ ತೆಗೆದುಕೊಳ್ಳೋಣ. ಬುಲೆಟ್ ಮೊದಲಿನಿಂದಲೂ ನಾಲ್ಕು ಸ್ಟ್ರೋಕಿನ ಗಾಡಿ. ಸೈನ್ಯವೂ ಪೊಲೀಸು ಇಲಾಖೆಯೂ ಅದರ ಖಾಯಂ ಗಿರಾಕಿಗಳು. 1991ರಲ್ಲಿ ಮೊದಲಾಗಿ 1996ರಲ್ಲಿ ಬಿಗಿಗೊಂಡ ಹೊಗೆಯ ನಿಯಮಗಳು ಎರಡು ಸ್ಟ್ರೋಕಿನ ಗಾಡಿಯನ್ನು ಕಾಡಿದ ಬಗೆಯಲ್ಲಿ ಅದನ್ನು ಕಾಡಲಿಲ್ಲ. ಮೈಸೂರಿನ ಕಾರ್ಖಾನೆಗೆ 1990ರಲ್ಲಿ ಎಂತಹ ಮೇಧಾವಿಯನ್ನು ತಂದು ಕುಳ್ಳಿರಿಸಿದ್ದರೂ ಅವನ ಮುಂದೆ ಮೇಜಿನ ಮೇಲೆ ಏನಿರುತ್ತಿತ್ತು? ಎರಡು ಸ್ಟ್ರೋಕಿನ ನಕ್ಷೆಗಳೇ ಹೊರತು ಬೇರೆಯಲ್ಲ. ಇನ್ನು ಲಾಲ್ ಅವರ ಹೊಸ ಎಂಜಿನ್ ಯಾವಾಗ ಬಂದಿತೆಂಬುದನ್ನೂ ಮಿತ್ರರು ಹೇಳಬೇಕಾಗಿತ್ತು. ಅವರು ಅಧಿಕಾರ ವಹಿಸಿದ್ದು 2000ದಲ್ಲಿ; ಹೊಸ ಎಂಜಿನ್ ಹೊತ್ತ ಕ್ಲಾಸಿಕ್ ಗಾಡಿ ಬೀದಿಗಿಳಿದುದು 2009ರಲ್ಲಿ. ಈ ಒಂಬತ್ತು ವರ್ಷಗಳ ಕಾಲ ಅವರನ್ನು ಪೀಠದಿಂದ ಎಬ್ಬಿಸಿದವರಿಲ್ಲ, ಏಕೆಂದರೆ ಅವರು ಐಷರ್ ಸಂಸ್ಥೆಯ ಮನೆತನಕ್ಕೇ ಸೇರಿದವರಾಗಿದ್ದರು. ಆದುದರಿಂದ ಎನ್‌ಫೀಲ್ಡನ್ನು ಉಳಿಸಿದ್ದು ನಾಯಕನು ಬದಲಾದುದೆನ್ನುವುದಕ್ಕಿಂತ, ಬಂದ ನಾಯಕನು ಬದಲಾಗದೆ ನಿಂತುದು ಎನ್ನುವುದೇ ಯುಕ್ತ. ಎಂಜಿನ್ ಎಂಬುದು ಆಜ್ಞೆಯಿಂದ ಹುಟ್ಟತಕ್ಕ ವಸ್ತುವಲ್ಲ. ಅದಕ್ಕೆ ವರ್ಷಗಳು ಬೇಕು, ಹಣ ಬೇಕು, ಸೋತ ಮಾದರಿಗಳನ್ನು ಕಂಡು ಎದೆಗುಂದದ ಆಡಳಿತ ಬೇಕು.

ನಿಸ್ಸಾನಿನ ಕಥೆಯ ಅರ್ಧವನ್ನಷ್ಟೇ ಮಿತ್ರರು ಹೇಳಿದರು. ಲಾಭವನ್ನು ತಂದ ಅದೇ ಘೋಸನ್ ಅವರು, ಮುಗಿದುಹೋಗಿದ್ದ ಡಾಟ್ಸನ್ ಎಂಬ ಹೆಸರನ್ನು 2013ರಲ್ಲಿ ನಮ್ಮ ದೆಹಲಿಯಲ್ಲಿಯೇ ಪುನಃ ಹೊರತೆಗೆದು, ಅಗ್ಗದ ಕಾರುಗಳಿಂದ ಭಾರತದ ಮಧ್ಯಮವರ್ಗವನ್ನು ಒಲಿಸಿಕೊಳ್ಳಹೊರಟರು. ಅಗ್ಗದ ವಸ್ತುವನ್ನು ಬಡತನದ ಗುರುತಿಲ್ಲದಂತೆ ಕೊಡಬೇಕೆಂಬ ಸೂಕ್ಷ್ಮವು ಆ ಯೋಜನೆಗೆ ತಿಳಿದಿರಲಿಲ್ಲ. 2022ರ ಹೊತ್ತಿಗೆ ಆ ಹೆಸರು ಮತ್ತೆ ಮರೆಯಾಯಿತು. ಘೋಸನ್ ಅವರು 2018ರ ನವೆಂಬರಿನಲ್ಲಿ ಟೋಕಿಯೋದಲ್ಲಿ ಬಂಧಿತರಾದ ಮೇಲೆ ಮುಖ್ಯಾಧಿಕಾರಿಯ ಪೀಠದಲ್ಲಿದ್ದ ಸಾಯಿಕಾವಾ ಅವರು ಹೋದರು, ಉಚಿಡಾ ಅವರು ಬಂದರು, ಅವರೂ ಹೋಗಿ ಎಸ್ಪಿನೋಸಾ ಅವರು ಬಂದರು. ಪೀಠ ಇಷ್ಟು ಸಲ ಕೈ ಬದಲಾಯಿಸಿದ್ದರ ಫಲವೇನು? 20,000 ಉದ್ಯೋಗಗಳನ್ನು ತೆಗೆಯುವುದೆಂದೂ, 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುವುದೆಂದೂ 2025ರ ಮೇ ತಿಂಗಳಲ್ಲಿ ಹೊರಟ ಪ್ರಕಟಣೆ. ಹೊಸದಾಗಿ ಬಂದವನಿಗೆ ಬೇಗನೆ ತೋರಿಸಬಹುದಾದ ಫಲ ಒಂದೇ, ಅದು ಖರ್ಚಿನ ಕಡಿತ. ಖರ್ಚಿನ ಕಡಿತದಲ್ಲಿ ಮೊದಲು ಬೀಳುವವನು ಕಾರ್ಮಿಕ. ಎಸ್ಪಿನೋಸಾ ಅವರು ಹೊಸ ಮಾದರಿಗಳ ಯೋಜನೆಯನ್ನೇ ನೋಡಿಕೊಳ್ಳುತ್ತಿದ್ದವರೆಂಬುದು ಮೆಚ್ಚತಕ್ಕ ಅಂಶ. ಅವರಿಗೆ ಎಷ್ಟು ವರ್ಷಗಳ ಅವಕಾಶ ದೊರೆಯುವುದೆಂಬುದರ ಮೇಲೆ ಉಳಿದುದೆಲ್ಲ ನಿಂತಿದೆ.

ಕೋಟೆಯ ಕಲ್ಲುಗಳ ಮಾತು ಬಂದಿತು. ಕಲ್ಲುಗಳು ಮರಳಿದುವು ನಿಜ, ಏಕೆಂದರೆ ಅವು ಚೆದರದೆ ಇಲ್ಲಿಯೇ ಇದ್ದುವು, ನಡುವಣ ದಾರಿ ಒಂದು ಮೈಲಿಯಷ್ಟು. ಜಾವಾದ ಕಥೆ ಹಾಗಾಗಲಿಲ್ಲ. ಕಾರ್ಖಾನೆ ನಿಂತು ಇಪ್ಪತ್ತೆರಡು ವರ್ಷಗಳಾದ ಬಳಿಕ, 2018ರಲ್ಲಿ, ರುಸ್ತುಂ ಇರಾನಿ ಅವರ ಪುತ್ರ ಬೊಮನ್ ಇರಾನಿ, ಅನುಪಮ್ ಥರೇಜಾ ಮತ್ತು ಮಹೀಂದ್ರ ಸಂಸ್ಥೆ ಕೂಡಿ ಕ್ಲಾಸಿಕ್ ಲೆಜೆಂಡ್ಸ್ ಎಂಬ ಹೆಸರಿನಿಂದ ಜಾವಾವನ್ನು ಮರಳಿ ತಂದರು. 2022ರಲ್ಲಿ ಯೆಜ್ಡಿಯೂ ಬಂದಿತು. ಹೊಸ ನಾಯಕತ್ವ, ಹೊಸ ಬಂಡವಾಳ, ನಾಲ್ಕು ಸ್ಟ್ರೋಕಿನ ಹೊಸ ಎಂಜಿನ್, ಮಿತ್ರರು ಬಯಸಿದ್ದೆಲ್ಲವೂ ಕೂಡಿಬಂದುವು. ಆದರೆ ಆ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿಗೆ ಬಂದುದು ಮಾರಾಟದ ಮಳಿಗೆ, ಮತ್ತು ಹೆಸರಿನ ಒಡೆತನವನ್ನು ಕುರಿತು ಕರ್ನಾಟಕದ ಹೈಕೋರ್ಟಿನಲ್ಲಿ ನಡೆದ ವ್ಯಾಜ್ಯದ ಸುದ್ದಿ. ಹೊಸ ಯಜಮಾನರು ಹೆಸರನ್ನು ಉಳಿಸಬಲ್ಲರು, ಊರನ್ನು ಉಳಿಸುವ ಹೊಣೆ ಅವರಿಗಿಲ್ಲ. ಜುಲೈ ತಿಂಗಳಿನಲ್ಲಿ ಜಾವಾ ದಿನದಂದು ಹಳೆಯ ಗಾಡಿಗಳನ್ನು ಉಜ್ಜಿ ಹೊಳೆಯಿಸಿ ಸಾಲಾಗಿ ನಿಲ್ಲಿಸುವ ಅಭಿಮಾನಿಗಳನ್ನು ನಾನು ಮನಸಾರೆ ಗೌರವಿಸುತ್ತೇನೆ; ಅವರು ಕಾಯುತ್ತಿರುವುದು ಮೈಸೂರಿನ ಕುಶಲಿಗಳ ಕೈಗೆಲಸವನ್ನು, ಯಾವ ಆಡಳಿತ ಮಂಡಲಿಯ ನಿರ್ಣಯವನ್ನೂ ಅಲ್ಲ.

ಹಾಗಾದರೆ ಮೈಸೂರಿನ ನೆಲದಲ್ಲಿ ದ್ವಿಚಕ್ರ ವಾಹನವೇ ಹುಟ್ಟದೆ ಹೋಯಿತೆ? ನಂಜನಗೂಡಿನ ದಾರಿಯಲ್ಲಿ ಕಡಕೊಳದವರೆಗೆ ಹೋದವರು ಟಿವಿಎಸ್ ಕಾರ್ಖಾನೆಯನ್ನು ನೋಡಿಯೇ ಇರುತ್ತಾರೆ. ಆ ಸಂಸ್ಥೆಯೂ ಮನೆತನದ ಸಂಸ್ಥೆಯೇ. ಅದರ ಚುಕ್ಕಾಣಿ ದಶಕಗಳುದ್ದಕ್ಕೂ ವೇಣು ಶ್ರೀನಿವಾಸನ್ ಒಬ್ಬರ ಕೈಯಲ್ಲಿಯೇ ಇದ್ದಿತು. ಬದಲಾದುದು ಅಲ್ಲಿ ತಯಾರಾಗುವ ಗಾಡಿ. ಮೊಪೆಡ್ಡಿನಿಂದ ಹೊರಟು, ಸುಜುಕಿಯ ಸಹಯೋಗದಲ್ಲಿ ಕಲಿಯಬೇಕಾದುದನ್ನು ಕಲಿತು, ಆ ಸಹಯೋಗ ಮುಗಿದ 2001ರಲ್ಲಿಯೇ ತನ್ನ ಎಂಜಿನಿಯರುಗಳು ರೂಪಿಸಿದ ನಾಲ್ಕು ಸ್ಟ್ರೋಕಿನ ವಿಕ್ಟರ್ ಗಾಡಿಯನ್ನು ಅದು ಮಾರುಕಟ್ಟೆಗೆ ಬಿಟ್ಟಿತು. ವಿದೇಶೀ ಗುರು ಹೊರಟುಹೋಗುವ ದಿನಕ್ಕೆ ಶಿಷ್ಯನ ಸ್ವಂತ ವಿದ್ಯೆ ಸಿದ್ಧವಾಗಿತ್ತು.

ಯಾದವಗಿರಿಗೂ ಅಂತಹ ದಿನ ಬಂದಿತ್ತು. 1973ರಲ್ಲಿ ಜಾವಾ ಎಂಬ ಹೆಸರನ್ನು ಕಳಚಿ ಯೆಜ್ಡಿ ಎಂಬ ಹೆಸರನ್ನು ತೊಟ್ಟಾಗ ಕಾರ್ಖಾನೆ ತನ್ನ ಕಾಲ ಮೇಲೆ ತಾನು ನಿಂತಿತು. ಗಾಡಿಗೆ ಬೇಡಿಕೆಯಿತ್ತು, ಜಪಾನಿನ ಪೈಪೋಟಿ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಯಜಮಾನರೂ ಆ ಗಾಡಿಯನ್ನು ಪ್ರೀತಿಸಿದ್ದವರೇ ಆಗಿದ್ದರು. ಹೀರೋ ಹೋಂಡಾ ಬರುವುದಕ್ಕೆ ಅಲ್ಲಿಂದ ಪೂರಾ ಹನ್ನೆರಡು ವರ್ಷಗಳಿದ್ದುವು, ಲಾಲ್ ಅವರಿಗೆ ಹೊಸ ಎಂಜಿನ್ ತರಲು ಹಿಡಿದುದಕ್ಕಿಂತ ಮೂರು ವರ್ಷ ಹೆಚ್ಚು. ಅದೇ ಆಡಳಿತ, ಅದೇ ಕುಶಲಿಗಳು, ಅದೇ ಲೇಥುಗಳು ಸಾಕಾಗಿದ್ದುವು. ಮಾರಿ ಬಂದ ಲಾಭದಲ್ಲಿ ಒಂದು ಪಾಲನ್ನು ನಾಲ್ಕು ಸ್ಟ್ರೋಕಿನ ಎಂಜಿನ್ನೊಂದನ್ನು ರೂಪಿಸುವುದಕ್ಕೆಂದು ವರ್ಷವರ್ಷವೂ ಎತ್ತಿಡಬೇಕಾಗಿತ್ತು.