ಶಿಶುಕ್ರೀಡೆಗೆ ನಿರಪಾಯವಾದ ಲೋಳೆ

ಎರಡು ವರ್ಷದ ಕೂಸಿಗೆ ಲೋಕವನ್ನು ಪರೀಕ್ಷಿಸಲು ಇರುವ ಮುಖ್ಯವಾದ ಸಾಧನವು ಬಾಯಿ. ಕೈಗೆ ಸಿಕ್ಕಿದ ವಸ್ತುವನ್ನು ಮೊದಲು ನಾಲಗೆಗೆ ಒಪ್ಪಿಸಿ, ಆಮೇಲೆ ಕಣ್ಣಿಗೆ ತೋರಿಸುವುದು ಅದರ ನ್ಯಾಯ. ಈ ನ್ಯಾಯವನ್ನು ತಾಯಿಯ ಗದರಿಕೆಯೂ ತಿದ್ದಲಾರದು, ಉಪಾಧ್ಯಾಯನ ಬೆತ್ತವೂ ತಿದ್ದಲಾರದು, ವಯಸ್ಸೊಂದೇ ತಿದ್ದತಕ್ಕದ್ದು. ಆದುದರಿಂದ ಶಿಶುವಿನ ಕೈಗೆ ಕೊಡುವ ವಸ್ತುವು ಬಾಯಿಗೂ ಹೋಗುವುದೆಂದು ತಿಳಿದೇ ಕೊಡುವುದು ಗೃಹಸ್ಥರ ಕರ್ತವ್ಯವಾಗಿದೆ. ಈ ಸಾರಿ ಅಂಥದೊಂದು ಆಟದ ವಸ್ತುವಿನ ವಿಚಾರವನ್ನು ವಾಚಕರ ಮುಂದಿಡುವೆನು.

ಎಳೆದರೆ ಹಿಗ್ಗುವ, ಬಿಟ್ಟರೆ ಹರಿಯುವ, ಬಣ್ಣಬಣ್ಣದ ಲೋಳೆಯೊಂದು ಈಗ ಮನೆಮನೆಯಲ್ಲಿಯೂ ಮಕ್ಕಳ ಕೈಯಲ್ಲಿರುವುದು. ಇದನ್ನು ಅವರು ‘ಸ್ಲೈಮ್’ ಎನ್ನುವರು. ಅಮೆರಿಕದ ಮ್ಯಾಟೆಲ್ ಕಂಪೆನಿಯವರು 1976ರಲ್ಲಿ ಇದನ್ನು ಪುಟ್ಟ ಡಬ್ಬಿಗಳಲ್ಲಿ ತುಂಬಿ ಮಾರಿದರು. ಆಗ ಅದರಲ್ಲಿದ್ದುದು ನಮ್ಮ ಗೋರಿಕಾಯಿಯ ಬೀಜದಿಂದ ತೆಗೆಯುವ ಅಂಟು ಮತ್ತು ಬಿಳಿಗಾರ. ಈಗ ದೊಡ್ಡ ಮಕ್ಕಳು ಕಾಗದ ಅಂಟಿಸುವ ಗೋಂದಿಗೆ ಬಿಳಿಗಾರದ ನೀರನ್ನು ಬೆರೆಸಿ ತಾವೇ ಮಾಡಿಕೊಳ್ಳುವುದೂ ಉಂಟು. ಗೋಂದಿನಲ್ಲಿ ನೂಲಿನೆಳೆಗಳಂತೆ ಉದ್ದವಾದ ಅಣುಗಳಿರುವುವು. ಬಿಳಿಗಾರವು ಆ ಎಳೆಗಳನ್ನು ಅಲ್ಲಲ್ಲಿ ಗಂಟುಹಾಕಿ ಬಲೆಯಂತೆ ಮಾಡುವುದು. ಹರಿಯುವ ಗೋಂದು ಹಿಗ್ಗುವ ಲೋಳೆಯಾಗುವ ರಹಸ್ಯವು ಇಷ್ಟೆ.

ಬಿಳಿಗಾರವೆಂದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಟಂಕಣ. ಇದು ಹೊಟ್ಟೆಗೆ ಹೋದರೆ ವಾಂತಿ, ಭೇದಿ, ಹೊಟ್ಟೆನೋವುಗಳು ಬರಬಹುದು. ಪ್ರಮಾಣವು ಹೆಚ್ಚಿದರೆ ಅಪಾಯವೂ ಹೆಚ್ಚು. ಐರೋಪ್ಯ ಒಕ್ಕೂಟದವರು ಇಂಥ ಅಂಟು ಆಟಿಕೆಗಳಿಂದ ಹೊರಬರುವ ಬೋರಾನಿಗೆ ಕಿಲೋ ಒಂದಕ್ಕೆ 300 ಮಿಲಿಗ್ರಾಂ ಎಂಬ ಮಿತಿಯನ್ನು ಇಟ್ಟಿರುವರು. ಆಯುರ್ವೇದದಲ್ಲಿ ಟಂಕಣವುಂಟಲ್ಲ ಎಂದು ಕೆಲವರು ಕೇಳಬಹುದು. ಉಂಟು, ಆದರೆ ಶುದ್ಧಿಮಾಡಿ, ತೂಕವರಿತು, ವೈದ್ಯನು ಕೊಡುವ ಮಾತು ಬೇರೆ, ಕೂಸು ಮುಷ್ಟಿಯಲ್ಲಿ ಹಿಡಿದು ಚೀಪುವ ಮಾತು ಬೇರೆ. ‘ಬಿಳಿಗಾರವಿಲ್ಲದ ಸ್ಲೈಮ್’ ಎಂದು ಹೇಳಿ, ಅದಕ್ಕೆ ಬದಲಾಗಿ ಕಣ್ಣಿನ ಲೆನ್ಸುಗಳನ್ನು ತೊಳೆಯುವ ದ್ರಾವಣವನ್ನು ಹಾಕಿಸುವವರೂ ಇದ್ದಾರೆ. ಆ ಲೋಳೆಯು ಗಟ್ಟಿಯಾಗುವುದಕ್ಕೂ ದ್ರಾವಣದಲ್ಲಿರುವ ಅದೇ ಜಾತಿಯ ಬೋರಿಕ್ ವಸ್ತುಗಳೇ ಕಾರಣ. ಹೆಸರು ಬದಲಾಯಿತೇ ಹೊರತು ಪದಾರ್ಥವು ಬದಲಾಗಲಿಲ್ಲ.

ಹಾಗಾದರೆ ಈ ಆಟವನ್ನೇ ನಿಷೇಧಿಸಬಹುದಲ್ಲವೇ? ಅದು ಸುಲಭವಾದ ಉಪಾಯ; ಆದರೆ ಉಚಿತವಲ್ಲ. ತಣ್ಣಗಿನದು, ಜಾರುವುದು, ಅಂಟುವುದು, ಹಿಗ್ಗುವುದು ಇವುಗಳ ಜ್ಞಾನವು ಮಗುವಿಗೆ ಮಾತಿನಿಂದ ಬರತಕ್ಕದ್ದಲ್ಲ, ಬೆರಳಿನಿಂದಲೇ ಬರಬೇಕು. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದು, 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು ನಮ್ಮ ಉಪಾಧ್ಯಾಯರಿಗೂ ಪಾಠ ಹೇಳಿದ ಮಾರಿಯಾ ಮಾಂಟೆಸೊರಿಯವರು ಇಂದ್ರಿಯಶಿಕ್ಷಣವನ್ನು ಶಿಶುವಿದ್ಯೆಯ ತಳಹದಿಯಾಗಿ ಎಣಿಸಿದ್ದರು. ಆದುದರಿಂದ ಆಟವನ್ನು ಬಿಡಿಸದೆ, ಪದಾರ್ಥವನ್ನು ಬದಲಾಯಿಸುವುದೇ ಸರಿಯಾದ ದಾರಿ. ಅದಕ್ಕೆ ಬೇಕಾದ ಸಾಮಗ್ರಿಯು ನಮ್ಮ ಅಡಿಗೆಮನೆಯಲ್ಲಿಯೇ ಇದೆ.

ಮೊದಲನೆಯದು ಇಸಬಗೋಲು. ಗುಜರಾತು, ರಾಜಸ್ಥಾನಗಳಲ್ಲಿ ಬೆಳೆಯುವ ಈ ಗಿಡದ ಬೀಜದ ಹೊಟ್ಟನ್ನು ಮಲಬದ್ಧತೆಗೆ ಸೇವಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎರಡು ಚಹಾಚಮಚದಷ್ಟು ಹೊಟ್ಟನ್ನು ನುಣ್ಣಗೆ ಪುಡಿಮಾಡಿ, ಒಂದು ದೊಡ್ಡ ಲೋಟ, ಅರ್ಥಾತ್ ಸುಮಾರು 240 ಮಿಲಿಲೀಟರ್, ನೀರಿನಲ್ಲಿ ಗಂಟಾಗದಂತೆ ಕದಡಬೇಕು. ತಳ ದಪ್ಪವಾಗಿರುವ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಐದು ನಿಮಿಷ ಕೈಯಾಡಿಸುತ್ತ ಕುದಿಸಬೇಕು. ಹಾಲಿನಂತೆ ಉಕ್ಕುವ ಸ್ವಭಾವ ಇದಕ್ಕಿರುವುದರಿಂದ ಪಾತ್ರೆಯು ದೊಡ್ಡದಾಗಿರಲಿ. ಇಳಿಸಿ, ಚೆನ್ನಾಗಿ ಆರಿದ ಮೇಲೆ ನೋಡಿದರೆ ಹಿಗ್ಗುವ ಲೋಳೆಯು ಸಿದ್ಧವಾಗಿರುವುದು. ತೆಳ್ಳಗಿದ್ದರೆ ಮತ್ತೊಮ್ಮೆ ಕುದಿಸಿ ಆರಿಸಬೇಕು, ಕುದಿಸಿದಷ್ಟೂ ಗಟ್ಟಿಯಾಗುವುದು.

ಎರಡನೆಯದು ಇನ್ನೂ ಸುಲಭ. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಮಾರುವ ಮೆಕ್ಕೆಜೋಳದ ಬಿಳಿಯ ಪಿಷ್ಟವನ್ನು ಎರಡು ಚಮಚ ತೆಗೆದುಕೊಂಡು, ಒಂದು ಲೋಟ ತಣ್ಣೀರಿನಲ್ಲಿ ಕದಡಿ, ಗಂಜಿಯಂತೆ ಪಾರಕವಾಗುವವರೆಗೆ ಕಾಯಿಸಿ ಆರಿಸಬೇಕು. ಕಾಮಕಸ್ತೂರಿಯ ಬೀಜವನ್ನು ಒಂದು ಚಮಚದಷ್ಟು ಬೇರೆಯಾಗಿ ನೀರಿನಲ್ಲಿ ಅರ್ಧ ಗಂಟೆ ನೆನೆಯಿಸಿ, ಪೂರ್ಣವಾಗಿ ಉಬ್ಬಿದ ಮೇಲೆ ಇದಕ್ಕೆ ಸೇರಿಸಿದರೆ, ಬೆರಳುಗಳ ನಡುವೆ ನುಸುಳುವ ಕಪ್ಪೆಮೊಟ್ಟೆಯಂತಹ ಲೋಳೆಯಾಗುವುದು. ಇದು ಎಳೆದರೆ ಹಿಗ್ಗದು. ಆದರೆ ಮುಟ್ಟಲು ಬಲು ಸೊಗಸು. ಮೈದಾಹಿಟ್ಟನ್ನು ಮಾತ್ರ ಹಸಿಯಾಗಿ ಬಳಸಕೂಡದು. ಬೇಯಿಸದ ಹಿಟ್ಟಿನಲ್ಲಿ ರೋಗಾಣುಗಳಿರುವ ಸಂಭವವುಂಟು.

ಬಣ್ಣಕ್ಕೆ ಬೀಟ್‌ರೂಟು ಬೇಯಿಸಿದ ನೀರು ಕೆಂಪನ್ನೂ, ಚಿಟಿಕೆ ಅರಿಸಿನವು ಹಳದಿಯನ್ನೂ, ಶಂಖಪುಷ್ಪದ ಕಷಾಯವು ನೀಲಿಯನ್ನೂ ಕೊಡುವುವು. ನೀಲಿಯ ಲೋಳೆಗೆ ನಾಲ್ಕು ಹನಿ ನಿಂಬೆಯ ರಸವನ್ನು ಹಿಂಡಿದರೆ ಅದು ನೇರಳೆಗೆ ತಿರುಗುವುದು. ನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ಉತ್ತಮವಾದ ರಸಾಯನಶಾಸ್ತ್ರದ ಮೊದಲ ಪಾಠವು ಬೇಕಿಲ್ಲ.

ಇಲ್ಲಿ ಒಂದು ಭೇದವನ್ನು ವಾಚಕರು ಮನಸ್ಸಿನಲ್ಲಿ ದೃಢವಾಗಿ ಇಟ್ಟುಕೊಳ್ಳಬೇಕು. ‘ಬಾಯಿಗೆ ಹೋದರೆ ಹಾನಿಯಿಲ್ಲ’ ಎಂಬುದು ಒಂದು. ‘ತಿನ್ನತಕ್ಕದ್ದು’ ಎಂಬುದು ಮತ್ತೊಂದು. ಈ ಲೋಳೆಗಳು ಮೊದಲನೆಯ ವರ್ಗಕ್ಕೆ ಸೇರಿದವು. ಬೆರಳು ನೆಕ್ಕಿದರೆ ಚಿಂತೆಯಿಲ್ಲ. ಬಟ್ಟಲು ತಿಂದರೆ ಇಸಬಗೋಲು ತನ್ನ ಧರ್ಮವನ್ನು ಬಿಡದೆ ಹೊಟ್ಟೆಯನ್ನು ಸಡಿಲಮಾಡುವುದು. ರುಚಿಯಾಗಲೆಂದು ಸಕ್ಕರೆಯನ್ನು ಬೆರೆಸಬಾರದು. ಬೆರೆಸಿದರೆ ಆಟವು ಊಟವಾಗುವುದು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪವಂತೂ ಯಾವ ರೂಪದಲ್ಲಿಯೂ ಸಲ್ಲದು. ಇಸಬಗೋಲಿನ ಒಣಹೊಟ್ಟೂ, ನೆನೆಯದ ಕಾಮಕಸ್ತೂರಿಯೂ ಗಂಟಲಿನಲ್ಲಿ ಉಬ್ಬಿ ಉಸಿರುಕಟ್ಟಿಸಬಲ್ಲವು; ಅವುಗಳ ಡಬ್ಬಿಗಳು ಮಕ್ಕಳ ಕೈಗೆ ಎಟುಕದಿರಲಿ. ಗಟ್ಟಿಯಾದ ಲೋಳೆಯ ಉಂಡೆಯೂ ಗಂಟಲಿಗೆ ಅಡ್ಡವಾಗಬಹುದಾದ್ದರಿಂದ, ಮೂರು ವರ್ಷದೊಳಗಿನವರಿಗೆ ತೆಳ್ಳಗಿನ ಎರಡನೆಯ ಬಗೆಯನ್ನೇ ಕೊಡುವುದು ಲೇಸು. ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿರಲೇಬೇಕು. ಆ ದಿನದ ಲೋಳೆಯು ಆ ದಿನಕ್ಕೆ ಮಾತ್ರ. ಹತ್ತು ಬೆರಳು ಆಡಿದ ಗಂಜಿಯು ಮರುದಿನಕ್ಕೆ ಕೆಡುವುದು. ಬಚ್ಚಲಿಗೆ ಸುರಿದರೆ ಕೊಳವೆಯು ಕಟ್ಟಿಕೊಳ್ಳುವುದರಿಂದ ಗಿಡದ ಬುಡಕ್ಕೆ ಹಾಕುವುದು ಉತ್ತಮ.

ಅನ್ನದ ಪದಾರ್ಥಗಳೊಡನೆ ಆಟವೇ ಎಂದು ಮನೆಯ ಹಿರಿಯರು ಹುಬ್ಬು ಗಂಟಿಕ್ಕಬಹುದು. ಅವರ ಆಕ್ಷೇಪಣೆಯಲ್ಲಿ ಸತ್ಯವಿದೆ. ಅನ್ನವನ್ನು ನಿಂದಿಸಬಾರದೆಂಬುದು ತೈತ್ತಿರೀಯೋಪನಿಷತ್ತಿನ ವಿಧಿ. ತಟ್ಟೆಯ ಅನ್ನವನ್ನು ಚೆಲ್ಲಾಡುವ ಮಗುವನ್ನು ತಡೆಯಬೇಕಾದ್ದೇ ಸರಿ. ಆದುದರಿಂದ ಊಟದ ತಟ್ಟೆ, ಊಟದ ಹೊತ್ತು, ಊಟದ ಸ್ಥಳ ಈ ಮೂರನ್ನೂ ಲೋಳೆಯಾಟಕ್ಕೆ ಬಳಸದಿರಲಿ. ಹಿತ್ತಲಲ್ಲಿ, ಹಳೆಯ ಬೋಗುಣಿಯಲ್ಲಿ, ಎರಡು ಚಮಚದ ಪಿಷ್ಟವನ್ನು ಮಗುವಿನ ಶಿಕ್ಷಣಕ್ಕೆ ವೆಚ್ಚಮಾಡುವುದು ಅನ್ನದ ತಿರಸ್ಕಾರವಾಗಲಾರದು.

ಕಡೆಯದಾಗಿ ಎಲ್ಲಕ್ಕಿಂತ ಮುಖ್ಯವಾದ ಮಾತು. ಅಡಿಗೆಮನೆಯ ಲೋಳೆಗೂ ಅಂಗಡಿಯ ಲೋಳೆಗೂ ಇರುವ ವ್ಯತ್ಯಾಸವು ನಮಗೆ ತಿಳಿದಿದೆ, ಕೂಸಿಗೆ ತಿಳಿಯದು. ಸೋಮವಾರ ನೆಕ್ಕಿದಾಗ ಸುಮ್ಮನಿದ್ದ ತಾಯಿಯು ಮಂಗಳವಾರ ಅಕ್ಕನ ಸ್ಲೈಮನ್ನು ನೆಕ್ಕಿದಾಗ ಏಕೆ ಕೂಗಿದಳೆಂಬುದು ಅದಕ್ಕೆ ಹೇಗೆ ಅರ್ಥವಾದೀತು? ಒಂದೇ ಮನೆಯಲ್ಲಿ ಎರಡೂ ಇದ್ದರೆ, ನಾವು ಕಲಿಸಿದ ನಿರ್ಭಯವೇ ಅಪಾಯಕ್ಕೆ ದಾರಿಯಾಗುವುದು. ಆದುದರಿಂದ ಬಾಯಿಗಿಡುವ ಅಭ್ಯಾಸವು ಕಿರಿಯ ಮಗುವನ್ನು ಬಿಡುವವರೆಗೂ ಬಿಳಿಗಾರದ ಲೋಳೆಯು ಮನೆಯೊಳಗೆ ಬಾರದಿರಲಿ. ಅಕ್ಕನೂ ಅಣ್ಣನೂ ತಮ್ಮ ಕೈಯಿಂದಲೇ ಇಸಬಗೋಲನ್ನು ಕದಡಿ ಚಿಕ್ಕವರಿಗೆ ಲೋಳೆಯನ್ನು ಮಾಡಿಕೊಡಲಿ, ಒಲೆಯ ಕೆಲಸವನ್ನು ಹಿರಿಯರು ನೋಡಿಕೊಳ್ಳಲಿ. ಆಟಕ್ಕೆ ಮುಂಚೆಯೂ ಆಟದ ತರುವಾಯವೂ ಎಲ್ಲರೂ ಕೈತೊಳೆಯಲಿ. ನೆಲವನ್ನು ಒರಸುವಾಗ ಒಂದು ಚಿಕ್ಕ ಬಟ್ಟೆಯನ್ನು ಕೂಸಿನ ಕೈಗೂ ಕೊಟ್ಟರೆ, ಆ ಕೆಲಸವನ್ನೂ ಅದು ಆಟವೆಂದೇ ತಿಳಿದು ಮಾಡುವುದು.